ಕಮಲಾಪುರಕ್ಕ ಬಂದರು ಬಂದ ವರ್ಷ

ನಿವೃತ್ತಿ ಆದವರು ಬರಿಯೋ ಪುಸ್ತಕದಾಗ ಮೊದಲನೇ ಪುಟಕ್ಕ ತಾಯಿ-ತಂದಿ, ಎರಡನೇ ಪುಟಕ್ಕ ಗುರುಗಳು, ಅಲ್ಲಿಂದ ಮುಂದ ಬರೇ ಪ್ರಮೋಷನ್. ಯಾವಾಗ ಏನಾದ್ರು, ಯಾರು ಶಾಲು ಹೊಚ್ಚಿದ್ರು, ಅದ ಸುದ್ದಿ. ನನಗೂ ಶಾಲು ಹೊಚ್ಚ್ಯಾರ. ಒಂದ ಸಲ ತೊಳೆದದ್ದಕ್ಕ ಬಣ್ಣ ಬಿಟ್ಟು ನಮ್ಮ ಮನಿಯವರ ಬಿಳಿ ಧೋತರ ಎಲ್ಲಾ ಗುಲಾಬಿ ಆದವು. ಶಾಲಿನ ಮಾತು ಇಲ್ಲಿಗೇ ಸಾಕು.

ಇದನ್ನ ನಾ ಬರೀಲಾಕತ್ತಿದ್ದು ಬ್ಯಾರೆ ಕಾರಣಕ್ಕ. ಮೊನ್ನೆ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನಿಗೆ ಹೊಸದಾಗಿ ನೌಕರಿಗೆ ಹತ್ತಿದ ಇತಿಹಾಸದ ಮಾಸ್ತರ್ರು, ಟೀಚರ್ರು ಒಂದಿಷ್ಟು ಮಂದಿ ಬಂದಿದ್ರು. ಚಾ ಕುಡೀತಾ ಒಬ್ಬಾಕಿ ಕೇಳಿದಳು, "ಮೇಡಂ, ಮಾತು ಎತ್ತಿದ್ರ ಮಾರ್ಗಸೂಚಿ ಪ್ರಕಾರ ಕಲಿಸ್ರಿ ಅಂತಾರ. ಈ ಮಾರ್ಗಸೂಚಿ ಯಾರು ಬರೀತಾರ್ರಿ? ಭಾಳ ದೊಡ್ಡ ವಿದ್ವಾಂಸರು ಇರ್ಬೇಕಲ್ಲ?" ನನಗ ನಗಿ ತಡೀಲಿಲ್ಲ, ಚಾ ನೆತ್ತಿಗೇರಿತು. ಪಾಪ, ಆ ಹುಡುಗಿ ಎದ್ದು ನನ್ನ ಬೆನ್ನ ಬಡದಳು. ಅಕಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ, ಕೇಳ್ರಿ. ವಿದ್ವಾಂಸರು ಮನಸ್ಸಿಗೆ ಹಚ್ಕೋಬ್ಯಾಡ್ರಿ.

ನಾ ಇದ್ದದ್ದು ಸಮಾಜ ವಿಜ್ಞಾನದ ವಿಷಯ ಪರಿವೀಕ್ಷಕಿ. ಹೆಸರು ಕೇಳ್ಲಾಕ ದೊಡ್ಡದು. ಕೆಲಸ ಏನಂದ್ರ ಸಾಲಿ ಸಾಲಿ ತಿರಗೂದು, ಹಿಂದಿನ ಬೆಂಚಿನ ಮ್ಯಾಲ ಕುಂಡ್ರೂದು, ಮಾಸ್ತರ್ರು ಹ್ಯಾಂಗ ಕಲಿಸ್ತಾರ ನೋಡೂದು, ಬರೂಮುಂದ ಅವರು ಕೊಟ್ಟ ಉಪ್ಪಿಟ್ಟು ತಿಂದು "ಚಲೋ ಅದ" ಅನ್ನೂದು. ಉಪ್ಪಿಟ್ಟಿಗೆ ಅಂದ್ರೋ ಪಾಠಕ್ಕ ಅಂದ್ರೋ ಅವರಿಗೂ ತಿಳೀತಿದ್ದಿಲ್ಲ, ನಾನೂ ಬಿಡಿಸಿ ಹೇಳ್ತಿದ್ದಿಲ್ಲ.

ಆ ತಿರುಗಾಟದಾಗ ನನಗ ಗೊತ್ತಾದ ಮೊದಲನೇ ಸತ್ಯ ಇದು. ಕಳಿಂಗ ಆದಮ್ಯಾಲ ಅಶೋಕ ಯುದ್ಧ ಬಿಟ್ಟ ಅಂತ ಪುಸ್ತಕದಾಗ ಬರದಾರ. ನಮ್ಮ ಕಡೆ ಬಿಟ್ಟಿದ್ದಿಲ್ಲ. ನಾ ಯಾವ ಸಾಲಿಗೆ ಹೋದ್ರೂ ಅವ ಯುದ್ಧ ಮಾಡ್ಲಾಕತ್ತಿರ್ತಿದ್ದ. ಜೂನ್‌ನಾಗ ಹೋದ್ರೂ ಕಳಿಂಗ, ಜನವರಿದಾಗ ಹೋದ್ರೂ ಕಳಿಂಗ. ಪರಿವೀಕ್ಷಣೆ ಅಂದ ಕೂಡ್ಲೆ ತೆಗಿಯೋ ಪಾಠ ಅದು, ಮದುವಿಗೆ ಪೆಟ್ಟಿಗಿಯಿಂದ ತೆಗಿಯೋ ರೇಶ್ಮಿ ಸೀರಿ ಇದ್ದಂಗ. ಒಂದು ಸಾಲ್ಯಾಗಂತೂ ಮಾಸ್ತರ್ರು ಬಾಯಿ ತೆಗಿಯೋದರಾಗ ಹಿಂದಿನಿಂದ ಹುಡುಗ್ರು "ಪಶ್ಚಾತ್ತಾಪ ಸರ್!" ಅಂತ ಒದರಿದ್ರು. ಪ್ರಶ್ನೆ ಇನ್ನೂ ಮಾಸ್ತರ್ರ ಬಾಯಾಗ ಇತ್ತು. ಮಾಸ್ತರ್ರು ನನ್ನ ಮುಖ ನೋಡಿದ್ರು, ನಾ ಕಿಟಕಿ ಹೊರಗ ನೋಡಿದೆ.

ಅವತ್ತಿಂದ ನನಗ ಒಂದು ಹುಚ್ಚು ಹಿಡೀತು. ಹುಡುಗ್ರು ತಮ್ಮ ಊರಾಗ ತಾವ ಕೇಳಿ, ನೋಡಿ, ಜಗಳಾಡಿ ತಿಳ್ಕೊಳ್ಳೋ ಇತಿಹಾಸ ಒಂದೀಟರ ಇರ್ಬೇಕು, ಅದಕ್ಕ ಬಾಯಿಪಾಠ ನಡಿಯೂದಿಲ್ಲ. ಮಾರ್ಗಸೂಚಿ ಬದಲಿ ಆಗೂ ಕಾಲ ಬಂದ್ರ ಅದನ್ನ ಸೇರಿಸಬೇಕು ಅಂತ ವರ್ಷಗಟ್ಟಲೆ ಕಾದೆ.

ಕಾಲ ಬಂತು. ದುಡ್ಡು ಬರಲಿಲ್ಲ.

ಆರು, ಏಳು, ಎಂಟನೇ ಇಯತ್ತೆಯ ಇತಿಹಾಸಕ್ಕ ಸ್ಥಳೀಯ ಮಾರ್ಗಸೂಚಿ ಪರಿಷ್ಕರಿಸ್ರಿ ಅಂತ ಆದೇಶ ಬಂದಿತ್ತು. ಅದರ ಕೆಳಗ ಇನ್ನೊಂದು ಸಾಲು, ಅನುದಾನದ ಕೊರತೆ ಇರೋದರಿಂದ ಲಭ್ಯ ಸಂಪನ್ಮೂಲದಾಗ ಮಾಡ್ರಿ. ನಮ್ಮ ಕಚೇರ್ಯಾಗ ಲಭ್ಯ ಇದ್ದ ಸಂಪನ್ಮೂಲ ಅಂದ್ರ ನಾನು, ಒಂದು ಕುಂಟ ಕುರ್ಚಿ, ಮತ್ತ ಖಾದರ್ ಸರ್. ಖಾದರ್ ಸರ್ ಉರ್ದು ಸಾಲ್ಯಾಗ ಇತಿಹಾಸ ಕಲಿಸ್ತಿದ್ರು, ಸಮಿತಿಗೆ ಅಂತ ನಮ್ಮ ಕಡೆ ಹಾಕಿದ್ರು. ವಯಸ್ಸಿನ್ಯಾಗ ನನಗಿಂತ ಒಂದೀಟು ಸಣ್ಣವರು, ನಾಲಿಗ್ಯಾಗ ಭಾಳ ದೊಡ್ಡವರು. ನನಗ ಅಕ್ಕಾ ಅಂತಿದ್ರು, ಹಂಗ ಅಂತನ ನನ್ನ ಕಾಲ ಎಳೀತಿದ್ರು.

ಬ್ರಹ್ಮಪುರದಾಗಿನ ಒಂದು ಹಳೇ ಸಾಲ್ಯಾಗ ಸಮಿತಿ ಕುಂತಿತು. ಒಂದನೇ ಇಯತ್ತೆ ಖೋಲಿ ಕೊಟ್ಟಿದ್ರು. ಆ ಹುಡುಗ್ರ ಬೆಂಚಿನ್ಯಾಗ ಸಿಕ್ಕಿಕೊಂಡು ನಮ್ಮ ಮೊಣಕಾಲು ಗದ್ದಕ್ಕ ಹತ್ತಿದ್ದವು. ಗ್ವಾಡಿ ಮ್ಯಾಲ "ಆ ಆನೆ, ಈ ಈಶ" ಅಂತ ಬರದಿತ್ತು. ಚಾಕ್ಕ ಅನುದಾನ ಇದ್ದಿದ್ದಿಲ್ಲ. ಮಧ್ಯಾಹ್ನ ಹೊಟ್ಟಿ ಚುರುಗುಟ್ಟಿದ್ರ ಶರಣಬಸವೇಶ್ವರ ಗುಡಿಗೆ ನಡದು ಹೋಗಿ ದಾಸೋಹದಾಗ ಉಂಡು ಬರ್ತಿದ್ವಿ. ಖಾದರ್ ಸರ್ ಪಂಕ್ತಿದಾಗ ನನ್ನ ಬಾಜೂ ಕುಂತು, ಹುಗ್ಗಿ ಎರಡನೇ ಸಲ ನೀಡಿಸ್ಕೊಂಡು ಅಂದ್ರು, "ಅಕ್ಕಾ, ಸರ್ಕಾರದ ಪಠ್ಯಕ್ರಮ ಶರಣರು ನಡಸ್ಲಾಕತ್ತಾರ ನೋಡ್ರಿ. ಇದನ್ನ ಮೊದಲನೇ ಪಾಠಕ್ಕ ಹಾಕೂಣು."

ಪುಟದ ಜಗಳ ಬ್ಯಾರೆ. ಕಾಗದ ಕಡಿಮಿ, ಹಿಂಗಾಗಿ ಪುಟ ಕಡಿಮಿ. ರಾಷ್ಟ್ರಕೂಟರಿಗೆ ಎಷ್ಟು, ಬಹಮನಿಗೆ ಎಷ್ಟು, ಶರಣರಿಗೆ ಎಷ್ಟು ಅಂತ ಹಂಚೂದು. ಅಣ್ಣತಮ್ಮಂದಿರು ಹೊಲ ಹಂಚ್ಕೊಂಡಂಗ ಆತು, ಬದುವಿನ ಸಲುವಾಗೇ ಬಡದಾಟ. ಖಾದರ್ ಸರ್ ಹಣಿ ಬಡ್ಕೊಂಡು, "ಅಲ್ರೀ ಅಕ್ಕಾ, ಆ ಸುಲ್ತಾನರು ಅಷ್ಟ ದೊಡ್ಡ ಕೋಟಿ ಕಟ್ಟಿದ್ರು. ನಮಗ ಅವರ ಹೆಸರಿಲೆ ಒಂದು ಪುಟ ಕಟ್ಲಾಕ ಆಗವಲ್ದಲ್ಲ!" ಅಂದ್ರು.

ಖರೇ ಹೇಳ್ತೀನಿ, ಆ ಬೆಂಚಿನ ಮ್ಯಾಲ ಕುಂತು ನಾವು ಮಾಡಿದ್ದು ಚಲೋ ಕೆಲಸ. ಪ್ರತಿ ಪಾಠಕ್ಕ ಒಂದು ಚಟುವಟಿಕೆ. ವ್ಯಾಪಾರದ ಪಾಠ ಇದ್ರ ಹುಡುಗ್ರು ತಮ್ಮ ಊರಿನ ಸಂತಿಗೆ ಹೋಗಿ ಯಾವ ಮಾಲು ಎಲ್ಲಿಂದ ಬರ್ತದ, ಮೊದಲು ಯಾವ ಹಾದೀಲೆ ಬರ್ತಿತ್ತು ಅಂತ ಹಿರ್ಯಾರಿಗೆ ಕೇಳಬೇಕು. ಅದು ಚಟುವಟಿಕೆ ಏಳು. ಈ ನಂಬರ್ ನೆನಪಿಡ್ರಿ. ನನಗ ಅದು ಹೊಟ್ಟ್ಯಾಗ ಹುಟ್ಟಿದ ಕೂಸಿನಷ್ಟ ಪ್ರೀತಿದು ಆಗಿತ್ತು.

ನಾವು ಮುಗಿಸೋದರಾಗ ಮಾರ್ಚ್ ಬಂತು. ಹೊಸಬರಿಗೆ ಮಾರ್ಚ್ ಅಂದ್ರ ಗೊತ್ತಿರ್ಲಿಕ್ಕಿಲ್ಲ. ವರ್ಷ ಪೂರಾ ನಮಗ ಸೀಮೆಸುಣ್ಣಕ್ಕ ದುಡ್ಡು ಇರೂದಿಲ್ಲ. ಮಾರ್ಚ್ ಕಡೀ ವಾರದಾಗ ಎಲ್ಲಿಂದರ ಒಂದೀಟು ಬಂದು ಬೀಳ್ತದ, ಅದನ್ನ ತಿಂಗಳು ಮುಗಿಯೋದರಾಗ ಖರ್ಚು ಮಾಡಬೇಕು, ಇಲ್ಲಂದ್ರ ವಾಪಸ್. ಮಾರ್ಗಸೂಚಿ ಛಾಪಿಸ್ಲಾಕ ದುಡ್ಡು ಹಂಗ ಬಂತು. ನಮ್ಮದು ಕೈಬರಹದಾಗ ಇತ್ತು. ಕಂಪ್ಯೂಟರಿಗೆ ಹಾಕ್ಲಾಕ, ತಿದ್ಲಾಕ ಹೊತ್ತು ಎಲ್ಲಿ?

ನಮ್ಮ ಸಾಹೇಬ್ರು ಜಾಣರು. ಕಚೇರಿಯ ಮುಖ್ಯಸ್ಥರು ಅವರ. ಕೆಟ್ಟವರಲ್ಲ, ಓದೂದೊಂದು ಬಿಟ್ಟು ಎಲ್ಲಾ ಮಾಡ್ತಿದ್ರು. ಕಿಸೆದಾಗಿಂದ ಒಂದು ಪೆನ್ ಡ್ರೈವ್ ತೆಗೆದು ಮೇಜಿನ ಮ್ಯಾಲ ಇಟ್ರು. "ಕರಾವಳಿ ಕಡೆ ನನ್ನ ದೋಸ್ತ್ ಇದ್ದಾನ. ಅವನ ಕಚೇರಿದು ತಯಾರ್ ಅದ. ಜಿಲ್ಲಾದ ಹೆಸರು ಬದಲಿ ಮಾಡ್ರಿ, ಮುಗೀತು."

"ಸರ್, ನಾವು ಬರದದ್ದು?" ಅಂದೆ.

"ನಿಮ್ಮದೂ ಸೇರಿಸ್ತಾರ ಬಿಡ್ರಿ. ಎಲ್ಲಾದರ ಸೇರಿಸ್ತಾರ."

ಕಂಪ್ಯೂಟರ್ ಮುಂದಿದ್ದವರ ಬೆನ್ನ ಹಿಂದ ನಿಂತು ಯಕ್ಷಗಾನ ಇದ್ದಲ್ಲಿ ದೊಡ್ಡಾಟ ಹಾಕ್ಸಿದೆ, ತೆಂಗಿನ ತೋಟ ಇದ್ದಲ್ಲಿ ತೊಗರಿ ಹೊಲ ಹಾಕ್ಸಿದೆ. ಅರ್ಧಕ್ಕ ಬಂದಿದ್ವಿ, ಸಾಹೇಬ್ರು ಬಂದು "ಎಷ್ಟೊತ್ತು?" ಅಂತ ಒಯ್ದೇ ಬಿಟ್ರು. ಸೀದಾ ಪ್ರೆಸ್ಸಿಗೆ ಹೋತು. ಕೈ ಮುಗದು ಕೇಳಿದ್ರೂ ಒಂದ ದಿನದ ಮಟ್ಟಿಗೆ ಪ್ರೂಫ್ ಕೊಡಲಿಲ್ಲ. ಕಲಬುರಗಿ ಹೆಸರು ಹೊತ್ಕೊಂಡು, ಸಾಹೇಬ್ರ ಸಹಿ ಹೊತ್ಕೊಂಡು ಮಾರ್ಗಸೂಚಿ ಎಲ್ಲಾ ಸಾಲಿಗೂ ಹೋತು. ನನಗ ಒಂದು ಪ್ರತಿ ಸಹ ಉಳಿಯಲಿಲ್ಲ. ಛಾಪಿಸಿದ್ದು ಅಳತಿ ಮಾಡಿ.

ಸಾಲಿ ಚಾಲೂ ಆಗಿ ಮಳಿಗಾಲ ಬಂದಾಗ ಮ್ಯಾಲಿಂದ ಕೇಳಿದ್ರು, ಮಾರ್ಗಸೂಚಿ ಪಾಲನಾ ವರದಿ ಎಲ್ಲಿ? ಸಾಹೇಬ್ರು ದಿನಾ ಮುಂಜಾನೆ ಎಲ್ಲಾ ಹೆಡ್ಮಾಸ್ತರರ ಗ್ರೂಪಿಗೆ ವಾಟ್ಸಾಪ್ ಹಾಕ್ಲಾಕತ್ತಿದ್ರು, "ಚಟುವಟಿಕೆ ಆರು ಆಯ್ತಾ? ಚಟುವಟಿಕೆ ಏಳು ಆಯ್ತಾ?" ಕಚೇರ್ಯಾಗ ಯಾರೂ ಚಟುವಟಿಕೆ ಏನು ಅಂತ ಅನ್ನೂದಿಲ್ಲ, ಬರೇ ನಂಬರ್. ವರದಿ ಒಂದೊಂದ ಬಂದು ನನ್ನ ಮೇಜಿಗೆ ಬಿದ್ದವು. ಎಲ್ಲಾದರಾಗೂ ಒಂದ ಸಾಲು: "ಚಟುವಟಿಕೆ ಏಳು ಯಶಸ್ವಿಯಾಗಿ ಪೂರ್ಣಗೊಂಡಿದೆ. ಮಕ್ಕಳು ಉತ್ಸಾಹದಿಂದ ಭಾಗವಹಿಸಿ ಸಂತೋಷಪಟ್ಟರು." ಒಬ್ರು ಬರದದ್ದನ್ನ ಗ್ರೂಪಿನ್ಯಾಗ ಹಾಕಿದ್ರು, ಉಳಿದವರು ಸಾಲಿ ಹೆಸರು ಬದಲಿ ಮಾಡಿ ಕಳಿಸಿದ್ರು. ಮ್ಯಾಲಿನವರು ಕೆಳಗ ಕಳಿಸಿದ್ದೂ ಹಂಗ ಅಲ್ಲ? ನ್ಯಾಯ ಅಂದ್ರ ನ್ಯಾಯ.

ನನಗೋ ಖುಷಿ ತಡೀವಲ್ದು. ನಮ್ಮದೂ ಸೇರಿಸ್ತಾರ ಅಂತ ಸಾಹೇಬ್ರು ಅಂದಿದ್ರಲ್ಲ, ಅದನ್ನ ನಂಬಿ ನನ್ನ ಕೂಸು ಊರೂರು ಆಡ್ಲಾಕತ್ತದ ಅಂತ.

ಆಗ ಕಮಲಾಪುರ ಕಡೆಯ ಒಂದು ಸಾಲಿಯಿಂದ ವರದಿ ಬಂತು. ಬರದಾಕಿ ಸುವರ್ಣಾ, ಅಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಶಿಕ್ಷಕರು ಅಂದ್ರ ಕಾಯಂ ಮಾಸ್ತರ್ರು ಇಲ್ಲದಲ್ಲಿ ಒಂದು ವರ್ಷದ ಮಟ್ಟಿಗೆ ತಗೊಳ್ಳೋರು. ಅತಿಥಿ ಅಂತಾರ ಖರೇ, ಕುಂಡ್ರು ಅನ್ನೋರು ಇಲ್ಲ, ನೀರು ಕೊಡೋರು ಇಲ್ಲ, ಮುಂದಿನ ಜೂನ್‌ಕ್ಕ ಮತ್ತ ಬಾಗಲಾಗ ನಿಂದ್ರಬೇಕು. ಅಕಿ ಬರದದ್ದು ಹಿಂಗಿತ್ತು: "ಚಟುವಟಿಕೆ ಏಳು ಆಗಿರುವುದಿಲ್ಲ. ಕಮಲಾಪುರಕ್ಕೆ ಸಮೀಪದ ಬಂದರು ಯಾವುದೆಂದು ಸಾಹೇಬರು ತಿಳಿಸಿದರೆ, ಬಸ್ಸಿನ ವ್ಯವಸ್ಥೆ ಮಾಡಿದರೆ, ಕರೆದುಕೊಂಡು ಹೋಗುತ್ತೇನೆ. ಅಲ್ಲಿಯತನಕ ಬಾಳೆತೋಟ ತೋರಿಸಿರುತ್ತೇನೆ."

ಬಂದರು? ಓಡಿ ಹೋಗಿ ಖಾದರ್ ಸರ್ ಸಾಲ್ಯಾಗಿನ ಪ್ರತಿ ಇಸ್ಕೊಂಡು ತೆಗದೆ. ಚಟುವಟಿಕೆ ಏಳು: ಮಕ್ಕಳನ್ನು ತಮ್ಮ ಊರಿಗೆ ಸಮೀಪದ ಬಂದರಿಗೆ ಕರೆದೊಯ್ದು, ಹಡಗುಗಳಿಂದ ಸರಕು ಇಳಿಸುವ ವಿಧಾನವನ್ನು ಗಮನಿಸಿ, ಮೀನುಗಾರರೊಂದಿಗೆ ಸಂವಾದ ಏರ್ಪಡಿಸುವುದು.

ನನ್ನ ಕೂಸು ಇದ್ದಿದ್ದಿಲ್ಲ. ಅದರ ಜಾಗಾದಾಗ ಯಾರದೋ ಕೂಸು ಮಲಗಿತ್ತು, ಮೀನಿನ ವಾಸನಿ ಹೊಡೀಲಾಕತ್ತಿತ್ತು.

ಖಾದರ್ ಸರ್ ಓದಿದ್ರು. ಕನ್ನಡಕ ತೆಗೆದು ಒರಸ್ಕೊಂಡು ಮತ್ತ ಓದಿದ್ರು. "ಅಕ್ಕಾ, ಇಡೀ ಜಿಲ್ಲಾದ ಹುಡುಗ್ರು ಹಡಗು ನೋಡಿ ಸಂತೋಷಪಟ್ಟಾರ. ಸಮುದ್ರಕ್ಕ ಒಂದಕ್ಕ ಈ ಸುದ್ದಿ ಗೊತ್ತಿಲ್ಲ," ಅಂದ್ರು. ಅವರು ನಕ್ಕು ನಕ್ಕು ಕೆಮ್ಮಿದ್ರು. ನನಗ ಅಳು ಬಂತು, ಅತ್ತೆ. ಸಿಟ್ಟಿಗೆ ಬಂದ ಅಳು ಅದು.

ಅಷ್ಟಕ್ಕ ನಿಂತಿದ್ರ ನಗಿಚಾಟಿಕಿಯಾಗಿ ಹೋಗ್ತಿತ್ತು. ನಾ ಬಾಯಿ ತೆಗಿಯೋದರಾಗ ಸಾಹೇಬ್ರ ಕಡೆಯಿಂದ ಸುವರ್ಣಾಗ ನೋಟೀಸ್ ಹೋಗಿತ್ತು. ಎಲ್ಲಾ ಸಾಲಿ ಪೂರ್ಣ, ನಿಮ್ಮದೊಂದ ಅಪೂರ್ಣ, ಯಾಕ? ಮುಂದಿನ ವರ್ಷ ನಿಮ್ಮನ್ನ ಯಾಕ ಮುಂದುವರಿಸಬೇಕು? ನಾ ಸಾಹೇಬ್ರ ಕಡೆ ಹೋದೆ.

"ಸರ್, ಅಕಿ ಬರದದ್ದು ಒಂದ ಸಲ ನೋಡ್ರಿ."

"ಏನು ನೋಡೂದ್ರಿ ಮೇಡಂ? ಎಲ್ಲಾರಿಗೂ ಆಗಿದ್ದು ಅಕಿಗೊಬ್ಬಾಕಿಗೆ ಯಾಕ ಆಗೂದಿಲ್ಲ? ನೂರಕ್ಕ ನೂರು ಅಂತ ಮ್ಯಾಲ ಹೇಳಬೇಕಂತಿದ್ದೆ, ಅಕಿ ಒಬ್ಬಾಕಿ ಕಲ್ಲು ಹಾಕಿದಳು."

"ಸರ್, ಮಾರ್ಗಸೂಚ್ಯಾಗೇ ತಪ್ಪು..."

"ತಪ್ಪಾ? ನನ್ನ ಸಹಿ ಅದ ಅದಕ್ಕ!" ಅಂತ ಫೋನ್ ಎತ್ತಿದ್ರು. ಫೋನ್ ರಿಂಗ್ ಆಗಿದ್ದೇ ಇಲ್ಲ, ಆದ್ರೂ ಎತ್ತಿ "ಹಲೋ" ಅಂದ್ರು. ದೇವರು ವರ ಕೊಟ್ರೂ ಪೂಜಾರಿ ಕೊಡೂದಿಲ್ಲ ಅಂತಾರ. ಇಲ್ಲಿ ಇಬ್ಬರೂ ಒಬ್ಬರೇ ಇದ್ರು.

ಮರುದಿನ ನಾ ಕಮಲಾಪುರದ ಬಸ್ ಹತ್ತಿದೆ.

ಸುವರ್ಣಾನ್ನ ನೋಡಿದ್ರ ಪಾಪ ಅನಿಸ್ತದ ಅಂತ ತಿಳ್ಕೊಂಡು ಹೋಗಿದ್ದೆ. ಅಕಿ ನನ್ನ ನೋಡಿದ್ದೇ ತಡ, ಸೆರಗು ಸೊಂಟಕ್ಕ ಸಿಗಿಸಿ ನಿಂತಳು. "ಬರ್ರಿ ಮೇಡಂ, ಬರ್ರಿ! ಬಂದರು ತಂದೀರೇನು? ಎಲ್ಲಿ ಇಳಿಸ್ಲಿ, ಬಾವಿ ಬಾಜೂ ಆದ್ರ ನಡೀತದಾ?" ಹುಡುಗ್ರು ಕಿಸಕ್ಕಂದ್ರು. ಅಕಿಗೆ ಸೌಮ್ಯ ಅನ್ನೋದು ತಾಯಿ ಕಲಿಸಿದ್ದೇ ಇಲ್ಲ. ನನಗ ಅಕಿ ಅಲ್ಲೇ ಮೆಚ್ಚಿಗಿ ಆದಳು.

ಅವತ್ತೂ ತೋಟದ ಪಾಠ ಇತ್ತು. ಕಮಲಾಪುರದ ಕೆಂಪು ಬಾಳಿಹಣ್ಣು ನೀವೆಲ್ಲಾ ತಿಂದೀರಿ. ಅಕಿ ಹುಡುಗ್ರನ್ನ ಗುಂಪು ಮಾಡಿ ತೋಟದ ಮನಿ ಮನಿಗೆ ಕಳಿಸಿದ್ದಳು, ಈ ಬಾಳಿ ಇಲ್ಲಿಗೆ ಯಾರು ತಂದ್ರು ಅಂತ ಕೇಳ್ಲಾಕ. ಒಂದು ಮನ್ಯಾಗ ನಮ್ಮ ಮುತ್ಯಾ ತಂದಾನ ಅಂದಿದ್ರು. ಇನ್ನೊಂದು ಮನ್ಯಾಗ ಅವನ ಮುತ್ಯಾ ಕದ್ದದ್ದು ನಮ್ಮ ಮುತ್ಯಾನ ಕಡೆಯಿಂದ ಅಂದಿದ್ರು. ಮೂರನೇ ಮನಿ ಅಜ್ಜಿ, ಯಾರೂ ತಂದಿಲ್ಲ, ಮಣ್ಣಿನ್ಯಾಗ ಮೊದಲಿಂದ ಇತ್ತು, ಹೋಗ್ರಿ ಅತ್ತ ಅಂತ ಬೈದು ಕಳಿಸಿದ್ದಳು. ಗಿಡದ ಕೆಳಗ ಕುಂತು ಹುಡುಗ್ರು ಜಗಳಾಡ್ಲಾಕತ್ತಿದ್ರು. ಸುವರ್ಣಾ ನಡುವ ನಿಂತು ಒಂದ ಪ್ರಶ್ನೆ ಕೇಳ್ತಿದ್ದಳು, "ಅವರು ಹಂಗ್ಯಾಕ ಹೇಳಿದ್ರು? ಹಂಗ ಹೇಳಿದ್ರ ಅವರಿಗೇನು ಲಾಭ?"

ನಾ ಬದುವಿನ ಮ್ಯಾಲ ಕುಂತು ನೋಡಿದೆ. ಇಷ್ಟು ವರ್ಷ ನಾ ತಿರುಗಿದ ಯಾವ ಖೋಲ್ಯಾಗೂ ಇಂಥಾ ಇತಿಹಾಸದ ಪಾಠ ನಡದಿದ್ದು ನೋಡಿದ್ದಿಲ್ಲ. ಬೆಂಚಿನ್ಯಾಗ ಮೊಣಕಾಲು ಸಿಗಿಸ್ಕೊಂಡು ನಾವು ಬರದದ್ದು, ಪ್ರೆಸ್ಸಿನ್ಯಾಗ ಸತ್ತದ್ದು, ಇಲ್ಲಿ ತಾನ ಎದ್ದು ಕುಂತಿತ್ತು. ಅಶೋಕ ಎಲ್ಲೂ ಕಾಣಲಿಲ್ಲ, ಅವನಿಗೂ ಒಂದಿನ ರಜಾ ಸಿಕ್ಕಿತ್ತು.

ಹುಡುಗ್ರು ಹೋದಮ್ಯಾಲ ಅಕಿ ಬಾಜೂ ಬಂದು ಕುಂತಳು. ದನಿ ಇಳಿದಿತ್ತು. "ಮೇಡಂ, ನನ್ನ ತೆಗೀತಾರಾ?"

"ತೆಗೀಬಹುದವ್ವಾ."

"ದಾಲ್ ಮಿಲ್ಲಿನ್ಯಾಗ ನನಗ ಕೆಲಸ ಅದ್ರಿ. ಇಲ್ಲಿಗಿಂತ ಜಾಸ್ತೀನ ಕೊಡ್ತಾರ, ತಿಂಗಳಾ ತಿಂಗಳಾ ಕೊಡ್ತಾರ. ಹೊಟ್ಟಿ ಚಿಂತಿ ಅಲ್ರಿ ನನ್ನದು. ನನಗ ಇದು ಬೇಕ್ರಿ ಮೇಡಂ. ಈ ಹುಡುಗ್ರ ಜಗಳಾ ಬೇಕು ನನಗ." ಅಷ್ಟಂದು ಬಾಳಿ ಎಲಿ ಹರಕೋತ ಕುಂತಳು.

ಅದಾದ ಮುಂದಿನ ವಾರ ಪರಿಶೀಲನಾ ಸಭಾ ಇತ್ತು. ಸಾಲಿ ಸಾಲಿ ಹೆಡ್ಮಾಸ್ತರ್ರು ಕಲಬುರಗಿಗೆ ಬಂದಿದ್ರು. ಸುವರ್ಣಾಗೂ ಬಂದು ಉತ್ತರ ಕೊಡು ಅಂತ ಕರಸಿದ್ರು. ಅಕಿನ್ನ ಎಲ್ಲಾರ ಮುಂದ ತೆಗದ್ರ ಉಳಿದವರಿಗೆ ಬುದ್ಧಿ ಬರ್ತದ ಅಂತ ಸಾಹೇಬ್ರ ಲೆಕ್ಕ. ನನ್ನ ಪೆನ್ಷನ್ ಕಾಗದ ಅವರ ಮೇಜಿನ ಮ್ಯಾಲ ಸಹಿಗೆ ಕುಂತಿದ್ದವು, ಅದೂ ನನ್ನ ತಲ್ಯಾಗಿತ್ತು. ಇದ್ದಿದ್ದಿಲ್ಲ ಅಂದ್ರ ಸುಳ್ಳು ಹೇಳಿದಂಗ ಆಗ್ತದ.

ಸಾಹೇಬ್ರು ಚಾಲೂ ಮಾಡಿದ್ರು. "ಎಲ್ಲಾರೂ ಚಟುವಟಿಕೆ ಏಳು ಮಾಡ್ಯಾರ. ನೀವೊಬ್ಬರ ಯಾಕ ಮಾಡಿಲ್ಲ?"

ಸುವರ್ಣಾ ಎದ್ದು ನಿಂತಳು. "ಸರ್, ಚಟುವಟಿಕೆ ಏಳು ಏನಂತ ನೀವ ಹೇಳ್ರಿ."

"ನನಗ ಉಲ್ಟಾ ಪ್ರಶ್ನೆ ಕೇಳ್ತೀಯೇನು?"

ಅಲ್ಲಿ ನಾ ಬಾಯಿ ಹಾಕಿದೆ. "ಓದ್ರಿ ಸಾಹೇಬ್ರ. ಎಲ್ಲಾರಿಗೂ ಕೇಳೂ ಹಂಗ ಓದಿ ಹೇಳ್ರಿ, ಅಕಿಗೆ ಬುದ್ಧಿ ಬರ್ಲಿ." ಪುಟ ತೆಗೆದು ಕೈಗೆ ಕೊಟ್ಟೆ.

ಅವರು ಗಂಟಲು ಸರಿ ಮಾಡ್ಕೊಂಡು ಗತ್ತಿಲೆ ಓದಿದ್ರು. "ಚಟುವಟಿಕೆ ಏಳು. ಮಕ್ಕಳನ್ನು ತಮ್ಮ ಊರಿಗೆ ಸಮೀಪದ ಬಂದರಿಗೆ ಕರೆದೊಯ್ದು, ಹಡಗುಗಳಿಂದ..." ದನಿ ಅಲ್ಲೇ ಕುಂತಿತು. ಮನಸ್ಸಿನ್ಯಾಗ ಮತ್ತೊಮ್ಮೆ ಓದಿದ್ರು, ತುಟಿ ಅಳ್ಳಾಡಿದ್ದು ಕಾಣ್ತಿತ್ತು. ತಮ್ಮ ಸಹಿ ಇದ್ದ ಪುಸ್ತಕ ಅವರು ಓದಿದ್ದು ಅದ ಮೊದಲು.

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಒಬ್ಬೊಬ್ಬ ಹೆಡ್ಮಾಸ್ತರ್ರೂ ಹೆಗಲು ಮುಟ್ಕೊಳ್ಲಾಕತ್ತಿದ್ರು. ಸಾಹೇಬ್ರು ಮುಂದಿನ ಸಾಲಿನ್ಯಾಗ ಕುಂತಿದ್ದ ಭೀಮಶಾ ಹೆಡ್ಮಾಸ್ತರ್ರ ಕಡೆ ತಿರುಗಿದ್ರು.

"ಭೀಮಶಾ, ಮಾಡೀವಿ ಅಂತ ಬರದೀರಿ. ಯಾವ ಬಂದರು?"

ಭೀಮಶಾ ಎದ್ರು. "ಸರ್... ಕೆರೀಗಿ ಹೋಗಿದ್ವಿ ಸರ್."

"ಹಡಗು?"

"ಒಂದು ಎಮ್ಮಿ ಇತ್ತು ಸರ್."

ಹಿಂದ ಯಾರೋ ಸೀನಿದಂಗ ಮಾಡಿ ನಕ್ರು. ಸಾಹೇಬ್ರ ಮುಖ ಕಮಲಾಪುರದ ಬಾಳಿಹಣ್ಣಿನಂಗ ಆತು. ನನ್ನ ಕಡೆ ತಿರುಗಿ, ಹಲ್ಲು ಕಡೀತಾ ಕೇಳಿದ್ರು, "ಮೇಡಂ, ಇದನ್ನ ಬರದವರು ಯಾರು?"

"ನಿಮ್ಮ ದೋಸ್ತ್" ಅನ್ನೂದು ನಾಲಿಗಿ ತುದಿಗೆ ಬಂದಿತ್ತು. ಅಂದಿದ್ರ ನನಗ ಭಾಳ ಸಮಾಧಾನ ಆಗ್ತಿತ್ತು. ಆದ್ರ ಮರ್ಯಾದಿ ಹೋದ ಸಾಹೇಬ್ರು ಮೊದಲು ಯಾರ ಮ್ಯಾಲ ಬೀಳ್ತಿದ್ರು? ನಿಂತಿದ್ದಾಕಿ ಸುವರ್ಣಾ. ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲ. ನಾ ನಾಲಿಗಿ ಕಚ್ಕೊಂಡು, ಮುಖದ ತುಂಬ ನಗಿ ತಂದ್ಕೊಂಡೆ.

"ಸಾಹೇಬ್ರ, ಸಾಕು ಮಾಡ್ರಿ, ಎಷ್ಟೊತ್ತು ಇವರನ್ನ ಆಟ ಆಡಸ್ತೀರಿ? ಹೇಳಿಬಿಡ್ರಿ. ಮಾರ್ಗಸೂಚಿ ಯಾರು ಓದ್ತಾರ, ಯಾರು ಓದೂದಿಲ್ಲ ನೋಡೂಣು ಅಂತ ನೀವ ಬೇಕಂತ ಬಂದರು ಹಾಕ್ಸಿದ್ರಿ ಅಲ್ಲ?"

ಅವರು ನನ್ನ ದಿಟ್ಟಿಸಿ ನೋಡಿದ್ರು. ಅಷ್ಟು ವರ್ಷದಾಗ ಸಾಹೇಬ್ರು ಒಂದು ಮಾತನ್ನ ಅಷ್ಟು ಜಲ್ದಿ ತಿಳ್ಕೊಂಡಿದ್ದು ನಾ ನೋಡಿದ್ದಿಲ್ಲ. ಎದಿ ಮುಂದ ಬಂತು, ದನಿ ವಾಪಸ್ ಬಂತು.

"ಹೌದು! ಪರೀಕ್ಷಾ ಇತ್ತು ಇದು! ನಾಚಿಕಿ ಆಗಬೇಕು ನಿಮಗ. ಸಹಿ ಮಾಡೋಕಿಂತ ಮೊದಲು ಓದಬೇಕು ಅನ್ನೋ ಕನಿಷ್ಠ ಜ್ಞಾನ ಇಲ್ಲೇನು?" ಅಲ್ಲಿಂದ ಮುಂದ ಓದುವಿಕೆಯ ಮಹತ್ವ ಅನ್ನೋ ವಿಷಯದ ಮ್ಯಾಲ ಅವರು ಕೊಟ್ಟ ಭಾಷಣ ಕೇಳಿ ನನ್ನ ಕಣ್ಣಾಗ ನೀರು ಬಂತು. ನಗಿ ನುಂಗಿದ್ರ ಹಂಗಾಗ್ತದ. ಹಿಂದಿನ ಸಾಲಿನ್ಯಾಗ ಖಾದರ್ ಸರ್ ಕರವಸ್ತ್ರದಾಗ ಮುಖ ಮುಚ್ಚಿಕೊಂಡು ಕುಂತಿದ್ರು, ನೋಡಿದವರು ಯಾರೋ ತೀರ್ಕೊಂಡಾರ ಅನ್ಕೋತಿದ್ರು.

ಕಬ್ಬಿಣ ಕಾದಾಗನ ಬಡೀಬೇಕು. "ಹಂಗಾದ್ರ ಸಾಹೇಬ್ರ, ಪಾಸ್ ಆದಾಕಿ ಒಬ್ಬಾಕೀನ. ಮುಂದಿನ ವರ್ಷ ಅಕಿ ಅಲ್ಲೇ ಇರ್ತಾಳಲ್ಲ?" ಅಂದೆ, ಎಲ್ಲಾರಿಗೂ ಕೇಳೂ ಹಂಗ.

"ಇರ್ತಾಳ ಅಂದ್ರ? ಅಕಿ ಇರಲೇಬೇಕು!" ಅಂತ ಮೇಜು ಬಡದ್ರು.

ಸುವರ್ಣಾ ನನಗ ಕೈ ಮುಗೀತಾಳ ಅಂತ ನೀವು ತಿಳ್ಕೊಂಡಿದ್ರ ಅಕಿನ್ನ ನೀವು ತಿಳ್ಕೊಂಡೇ ಇಲ್ಲ. ಹೊರಗ ಬೇವಿನ ಗಿಡದ ಕೆಳಗ ನನ್ನ ಹಿಡದು ನಿಲ್ಲಿಸಿದಳು. "ಏನ್ ಮಾಡಿದ್ರಿ ಮೇಡಂ ನೀವು? ಅವರ ತಪ್ಪು ಅವರ ಶಾಣ್ಯಾತನ ಆಗಿ ಹೋತಲ್ರಿ! ನಾಳೆ ಇದನ್ನ ಊರಿಗೆಲ್ಲಾ ಹೇಳ್ಕೋತ ತಿರುಗ್ತಾರ!"

"ತಿರುಗ್ಲಿ ಬಿಡವ್ವಾ. ನೀ ಕಮಲಾಪುರದಾಗ ಇರ್ತಿ."

"ಇರ್ತೀನ್ರಿ. ಆದ್ರ ಇದು ಖರೇ ಅಲ್ರಿ," ಅಂದಳು.

ಅಕಿ ಅಂದಂಗೇ ಆತು. ಸಾಹೇಬ್ರು ಮ್ಯಾಲಿನ ಸಭಾದಾಗ ಹೇಳಿದ್ರು, ಚಪ್ಪಾಳಿ ಬಿದ್ದವು. ಅವರ ಬೀಳ್ಕೊಡುಗಿ ದಿನ ಮಾತಾಡಿದವರೆಲ್ಲಾ ಬಂದರಿನ ಕಥಿ ಹೇಳಿ ಎಂಥಾ ದೂರದೃಷ್ಟಿ ಅಂದ್ರು. ಶಾಲು ಹೊಚ್ಚಿದ್ರು, ಅದೂ ಬಣ್ಣ ಬಿಟ್ಟಿರ್ಬೇಕು. ನನ್ನ ಪೆನ್ಷನ್ ಕಾಗದಕ್ಕ ಅವರು ಸಭಾ ಮುಗಿದ ಸಂಜೀನ ಸಹಿ ಹಾಕಿದ್ರು, ಅಭ್ಯಾಸದಂಗ ಓದದೇ. ಮಾರ್ಗಸೂಚಿ ತಿದ್ದಿ ಛಾಪಿಸ್ರಿ ಅಂತ ನಾ ಹೋಗೂತನಕ ಕೇಳಿದೆ. ಅನುದಾನ ಇದ್ದಿದ್ದಿಲ್ಲ. ಬಂದರು ಇನ್ನೂ ಅಲ್ಲೇ ಅದ.

ಹೋದ ತಿಂಗಳು ಕಮಲಾಪುರಕ್ಕ ಹೋಗಿದ್ದೆ. ಸುವರ್ಣಾ ಅಲ್ಲೇ ಇದ್ದಾಳ. ಇನ್ನೂ ಅತಿಥಿನ, ಪ್ರತಿ ಜೂನ್‌ಕ್ಕ ಮತ್ತ ಬಾಗಲಾಗ ನಿಂತು ಒಳಗ ಬಂದಾಳ. ಸಾಲಿ ಹುಡುಗ್ರು ಬಾಳಿತೋಟಕ್ಕ ಈಗ ಬಂದರು ಅಂತನ ಅಂತಾರ. ತೋಟದವರೂ ಅಂತಾರ. ಮುಂದ ಯಾರರ ದೊಡ್ಡ ಪಂಡಿತರು ಬಂದು ಇಲ್ಲಿ ಸಮುದ್ರ ಇತ್ತು ಅಂತ ಬರದ್ರ ನನಗ ಬೈಬ್ಯಾಡ್ರಿ.

ಅವತ್ತಿನ ಪಾಠಕ್ಕ ನನ್ನ ಬದುವಿನ ಮ್ಯಾಲ ಕುಂಡ್ರಿಸಿ ಅಕಿ ಹುಡುಗ್ರಿಗೆ ಕೇಳಿದಳು, ಈ ತೋಟಕ್ಕ ಬಂದರು ಅನ್ನೋ ಹೆಸರು ಹ್ಯಾಂಗ ಬಂತು? ಹುಡುಗ್ರು ಕೇಳಿಕೊಂಡು ಬಂದಿದ್ರು. ಹಳೇ ಸಾಹೇಬ್ರು ಪರೀಕ್ಷಾ ಇಟ್ಟಿದ್ರು ಅಂತ ಹೆಡ್ಮಾಸ್ತರ್ರು ಹೇಳಿದ್ರಂತ. ಛಾಪಿಸೋರ ತಪ್ಪು ಅಂತ ಇನ್ನೊಬ್ರು ಹೇಳಿದ್ರಂತ. ನಾ ತಡೀಲಾರದ, ಎದ್ದು ನಿಂತು ಪೆನ್ ಡ್ರೈವಿನಿಂದ ಎಮ್ಮಿತನಕ ಎಲ್ಲಾ ಹೇಳಿದೆ. ಹುಡುಗ್ರು ಬಿದ್ದು ಬಿದ್ದು ನಕ್ರು. ಮುಗದಮ್ಯಾಲ ಸುವರ್ಣಾ ಹುಡುಗ್ರ ಕಡೆ ತಿರುಗಿ ಕೇಳಿದಳು, "ಈಗ ಹೇಳ್ರಿ, ಯಾರದು ಖರೇ?"

ಮುಂದ ಕುಂತಿದ್ದ ಎರಡು ಜಡಿಯ ಒಬ್ಬ ಹುಡುಗಿ ನನ್ನ ಕಾಲಿನಿಂದ ತಲೀತನಕ ನೋಡಿದಳು.

"ಈ ಅಜ್ಜಿ ಹೇಳಿದ್ದೂ ಪೂರಾ ನಂಬಬಾರದ್ರಿ ಟೀಚರ್," ಅಂದಳು. "ಇವರೂ ಆ ಕಚೇರಿಯವರ ಅಲ್ರಿ? ಇವರ ಕಥಿಯಾಗ ಎಲ್ಲಾರೂ ಪೆದ್ದರು, ಇವರೊಬ್ಬರ ಶಾಣ್ಯಾ ಆಗ್ಯಾರ. ಹಂಗ ಹೇಳಿದ್ರ ಇವರಿಗೂ ಲಾಭ ಅದಲ್ರಿ?"

ಸುವರ್ಣಾ ನನ್ನ ಕಡೆ ನೋಡಿದಳು. ಮುಖದ ಮ್ಯಾಲ ಎಂಥಾ ಹೆಮ್ಮಿ ಅಂತೀರಿ! ನಾ ವಾಪಸ್ ಬದುವಿನ ಮ್ಯಾಲ ಕುಂತೆ, ಕೈಯಾಗಿನ ಬಾಳಿಹಣ್ಣು ಆ ಹುಡುಗಿಗೆ ಕೊಟ್ಟೆ.